ಭೂಕಂಪದ ಅಲೆ ಕಲಿಸುವ ಪಾಠ



ಕನ್ನಡದಲ್ಲಿ ಭೂಕಂಪ, ಉರ್ದುವಿನಲ್ಲಿ ಝಲ್ಝಲಾ. ಯಾವ ಭಾಷೆಯಲ್ಲಿ ಕೇಳಿದರೂ ಎದೆ ನಡುಗಿಸುವ ಪದ. ಆದರೆ ಅದೇ ಭೂಕಂಪದ ಅಲೆಗಳು ನಮ್ಮ ಕಾಲಡಿಯ ಕತ್ತಲೆಗೆ ದೀಪವೂ ಹೌದು. ಐಸ್‌ಲ್ಯಾಂಡ್ ಎಂಬ ದೇಶದ ಉದಾಹರಣೆಯಿಂದ ಇದನ್ನು ನಿಮಗೆ ತಿಳಿಸಲು ಬಯಸುತ್ತೇನೆ.

ಐಸ್‌ಲ್ಯಾಂಡ್ ಅಟ್ಲಾಂಟಿಕ್ ಸಾಗರದ ಜ್ವಾಲಾಮುಖಿ ದ್ವೀಪ. ಅಲ್ಲಿ ಭೂಮಿಯ ಎರಡು ಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್‌ನಂತೆ ದೂರ ಸರಿಯುತ್ತಿವೆ. ಬೆಂಕಿಯುಗುಳುವ ನೆಲವಾದ್ದರಿಂದ ಅಲ್ಲಿನ ಭೂಕವಚ ತೆಳುವಾಗಿರಬೇಕು, 10-15 ಕಿಲೋಮೀಟರ್ ಆಳದಲ್ಲೇ ಅರೆಕರಗಿದ ಶಿಲೆಯ ಪದರವಿರಬೇಕು ಎಂದು ಹಿಂದೆ ಅನೇಕ ವಿಜ್ಞಾನಿಗಳು ಭಾವಿಸಿದ್ದರು. ಅಷ್ಟು ಆಳ ಅಗೆದು ನೋಡುವವರು ಯಾರು?

ಉತ್ತರ ಕೊಟ್ಟಿದ್ದು ಅಲೆಗಳು. ಭೂಕಂಪವಾದಾಗ ಪ್ರಾಥಮಿಕ ಅಲೆ ವೇಗವಾಗಿ ಬರುತ್ತದೆ, ದ್ವಿತೀಯಕ ಅಲೆ ನಿಧಾನವಾಗಿ ಬರುತ್ತದೆ. ದ್ವಿತೀಯಕ ಅಲೆ ದ್ರವದೊಳಗೆ ಸಾಗಲಾರದು. ಭೂಕವಚ ಮುಗಿದು ಮ್ಯಾಂಟಲ್ ಆರಂಭವಾಗುವ ಗಡಿಯೊಂದಿದೆ. 1909ರಲ್ಲಿ ಝಾಗ್ರೆಬ್ ಬಳಿ ನಡೆದ ಭೂಕಂಪದ ದಾಖಲೆಗಳಿಂದ ಅದನ್ನು ಗುರುತಿಸಿದವರು ಮೊಹೊರೊವಿಚಿಚ್. ದೂರದ ಭೂಕಂಪದ ಪ್ರಾಥಮಿಕ ಅಲೆ ಕೆಳಗಿನಿಂದ ಈ ಗಡಿಯನ್ನು ದಾಟುವಾಗ ಅದರ ಒಂದು ಪಾಲು ದ್ವಿತೀಯಕ ಅಲೆಯಾಗಿ ಬದಲಾಗುತ್ತದೆ. ಒಟ್ಟಿಗೆ ಹೊರಟ ಇಬ್ಬರೂ ಮೇಲಿನ ಉಪಕರಣಕ್ಕೆ ಬೇರೆ ಬೇರೆ ಹೊತ್ತಿಗೆ ತಲುಪುತ್ತಾರೆ. ಮಿಂಚು ಕಂಡ ಮೇಲೆ ಗುಡುಗಿನವರೆಗೆ ಎಣಿಸಿ ನಾವು ದೂರ ಅಂದಾಜು ಮಾಡುವುದಿಲ್ಲವೇ? ಇದೂ ಹಾಗೆಯೇ.

ವಿದ್ಯಾರ್ಥಿಗಳೇ, ಪೆನ್ಸಿಲ್ ತೆಗೆದುಕೊಳ್ಳಿ. ಪ್ರಾಥಮಿಕ ಅಲೆಯ ವೇಗ ಸೆಕೆಂಡಿಗೆ 6.5 ಕಿಲೋಮೀಟರ್, ದ್ವಿತೀಯಕ ಅಲೆಯದು 3.7 ಎಂದಿಟ್ಟುಕೊಳ್ಳಿ. 40 ಕಿಲೋಮೀಟರ್ ದಾಟಲು ಮೊದಲನೆಯದಕ್ಕೆ ಸುಮಾರು 6 ಸೆಕೆಂಡು, ಎರಡನೆಯದಕ್ಕೆ ಸುಮಾರು 11. ಅಂತರ ಸುಮಾರು 5 ಸೆಕೆಂಡು. ಭೂಕವಚ 20 ಕಿಲೋಮೀಟರ್ ಇದ್ದರೆ ಅಂತರವೂ ಅರ್ಧವಾಗುತ್ತದೆ. ನಿಮ್ಮ ಶಾಲೆಯ ಭಾಗಾಕಾರವೇ ಸಾಕು!

1990ರ ದಶಕದಲ್ಲಿ ದ್ವೀಪದ ತುಂಬ ಉಪಕರಣಗಳನ್ನಿಟ್ಟು ಅಲೆಗಳನ್ನು ಅಳೆದರು. ಭೂಕವಚವು ಕರಾವಳಿಯ ಹಲವೆಡೆ ಸುಮಾರು 20 ಕಿಲೋಮೀಟರ್, ನಡುನಾಡಿನಲ್ಲಿ ಸುಮಾರು 40 ಕಿಲೋಮೀಟರ್ ದಪ್ಪವಿರುವುದು ಕಂಡುಬಂತು. ಸಾಮಾನ್ಯ ಸಾಗರತಳದ ಭೂಕವಚ ಸುಮಾರು 7 ಕಿಲೋಮೀಟರ್ ಮಾತ್ರ. ದ್ವಿತೀಯಕ ಅಲೆಗಳು ಹೆಚ್ಚು ಕುಂದದೆ ದಾಟಿ ಬಂದಿದ್ದರಿಂದ, ಕೆಳಗೆ ಎಲ್ಲೆಡೆ ಕರಗಿದ ಪದರವಿದೆ ಎಂಬ ಅಭಿಪ್ರಾಯವೂ ಉಳಿಯಲಿಲ್ಲ. ಶಿಲಾಪಾಕವು ಕೆಲವು ಜ್ವಾಲಾಮುಖಿಗಳ ಅಡಿಯಲ್ಲಿ ಮಾತ್ರ ಸೇರಿಕೊಂಡಿರುತ್ತದೆ.

ಇದರಿಂದ ಜನಸಾಮಾನ್ಯರಿಗೇನು ಲಾಭ ಎಂದು ನೀವು ಕೇಳಬಹುದು. 2023ರ ನವೆಂಬರ್ 10ರಂದು ಅಲ್ಲಿನ ಗ್ರಿಂಡಾವಿಕ್ ಪಟ್ಟಣದ ಬಳಿ ಸಣ್ಣ ಭೂಕಂಪಗಳು ಒಂದರ ಹಿಂದೊಂದು ದಾಖಲಾದವು. ನೆಲದ ಚಲನೆಯನ್ನೂ ಅಳೆದ ತಜ್ಞರು, ಶಿಲಾಪಾಕವು ಪಟ್ಟಣದ ಅಡಿಗೆ ನುಗ್ಗುತ್ತಿದೆ ಎಂದು ತಿಳಿದರು. ಆ ರಾತ್ರಿಯೇ ಸುಮಾರು 3,800 ನಿವಾಸಿಗಳನ್ನು ತೆರವುಗೊಳಿಸಲಾಯಿತು. ಡಿಸೆಂಬರ್ 18ರಂದು ಪಟ್ಟಣದ ಸಮೀಪ ಜ್ವಾಲಾಮುಖಿ ಸ್ಫೋಟಿಸಿತು. 2024ರ ಜನವರಿ 14ರಂದು ಲಾವಾರಸ ಪಟ್ಟಣದೊಳಗೇ ಹರಿದು ಮೂರು ಮನೆಗಳು ಸುಟ್ಟುಹೋದವು. ಆಗ ಆ ಮನೆಗಳಲ್ಲಿ ಯಾರೂ ಇರಲಿಲ್ಲ.

ಸ್ಫೋಟದ ದಿನವನ್ನು ಅಲೆಗಳು ಮೊದಲೇ ಹೇಳುವುದಿಲ್ಲ, ನಿಜ. ಆದರೆ ಓದಬಲ್ಲವರಿಗೆ ಎಚ್ಚರಿಕೆ ಕೊಡುತ್ತವೆ. ಊಹೆ ಎಷ್ಟೇ ಸಹಜವೆನಿಸಿದರೂ ಅಳೆದು ನೋಡಬೇಕು, ಅಳತೆ ಬೇರೆ ಹೇಳಿದರೆ ಅಭಿಪ್ರಾಯ ಬದಲಿಸಬೇಕು. ವಿದ್ಯೆ ಎಂದರೆ ಇದೇ. ನಿಮ್ಮಲ್ಲಿಯೂ ಒಬ್ಬರು ನಾಳೆ ಆ ಅಲೆಗಳನ್ನು ಓದುವಂತಾಗಲಿ ಎಂದು ಹಾರೈಸುತ್ತ ನನ್ನ ಮಾತುಗಳನ್ನು ಮುಗಿಸುತ್ತೇನೆ.