ಸಸ್ಯಜನ್ಯ ಬಿಸಿಲುರಕ್ಷಕ: ಭರವಸೆ ಮತ್ತು ಎಚ್ಚರ



ಮಾವಿನ ಎಳೆಯ ಚಿಗುರು ಕೆಂಪಾಗಿರುವುದನ್ನು ಎಲ್ಲರೂ ಬಲ್ಲರು. ಬಿಸಿಲಿನಿಂದ ಓಡಿಹೋಗಲಾರದ ಸಸ್ಯವು ತನ್ನ ರಕ್ಷಣೆಯನ್ನು ತನ್ನೊಳಗೇ ಸಿದ್ಧಪಡಿಸಿಕೊಳ್ಳುತ್ತದೆ. ಎಲೆಯ ಹೊರಪದರದಲ್ಲಿರುವ ಫ್ಲೇವನಾಯ್ಡ್‌ಗಳು ನೇರಳಾತೀತ ಕಿರಣಗಳನ್ನು ಹೀರಿಕೊಂಡು ಒಳಗಿನ ಜೀವಕೋಶಗಳನ್ನು ಕಾಪಾಡುತ್ತವೆ. ಈ ಗುಣವನ್ನು ಮನುಷ್ಯನ ಚರ್ಮಕ್ಕೂ ಒದಗಿಸುವ ಪ್ರಯತ್ನವೇ ಸಸ್ಯಜನ್ಯ ಬಿಸಿಲುರಕ್ಷಕ ಲೇಪಗಳ ಸಂಶೋಧನೆ.

ಈ ಹುಡುಕಾಟಕ್ಕೆ ಕಾರಣವೂ ಇದೆ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಹವಳದ ದಿಬ್ಬಗಳಿಗೆ ಹಾನಿಕರವೆಂದು ಹವಾಯಿ ರಾಜ್ಯವು 2018ರಲ್ಲಿ ಶಾಸನ ಮಾಡಿತು. ಅವುಳ್ಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದು 2021ರ ಜನವರಿಯಿಂದ ಅಲ್ಲಿ ನಿಷಿದ್ಧವಾಗಿದೆ.

ಆದರೆ ಸಸ್ಯಮೂಲದ್ದೆಲ್ಲವೂ ನಿರಪಾಯಕಾರಿಯಲ್ಲ. ತೊನ್ನಿನ ಚಿಕಿತ್ಸೆಗೆ ಬಳಸುವ ಬಾವಂಚಿ ಬೀಜದ ಸೊರಾಲೆನ್ ಬಿಸಿಲನ್ನು ತಡೆಯುವುದಿಲ್ಲ. ಚರ್ಮವನ್ನು ಬಿಸಿಲಿಗೆ ಮತ್ತಷ್ಟು ಸೂಕ್ಷ್ಮಗೊಳಿಸುತ್ತದೆ. ನಿಂಬೆರಸ ತಗುಲಿದ ಚರ್ಮ ಬಿಸಿಲಿಗೆ ಬೊಬ್ಬೆಯೇಳುವುದೂ ಇದೇ ಜಾತಿಯ ವಸ್ತುಗಳಿಂದ. ಗಾಜಿನ ನಳಿಗೆಯಲ್ಲಿ ಕಿರಣವನ್ನು ಹೀರಿದ ಸಾರವು ಚರ್ಮದ ಮೇಲೂ ಹಾಗೆಯೇ ವರ್ತಿಸಬೇಕೆಂದಿಲ್ಲ. ಅದು ಬೆಳಕಿಗೆ ಕೆಡಬಾರದು, ಬೆವರಿಗೆ ತೊಳೆದುಹೋಗಬಾರದು, ತುರಿಕೆ ತರಬಾರದು. 280ರಿಂದ 315 ನ್ಯಾನೋಮೀಟರಿನ ಸುಡುವ ಕಿರಣಗಳನ್ನಷ್ಟೇ ಅಲ್ಲದೆ, 400ರವರೆಗಿನ, ಆಳಕ್ಕಿಳಿಯುವ ಕಿರಣಗಳನ್ನೂ ತಡೆಯಬೇಕು. ಈ ಪರೀಕ್ಷೆಗಳಲ್ಲಿ ಗೆಲ್ಲದ ಲೇಪಕ್ಕಿಂತ ಹಾಳೆಟೊಪ್ಪಿ, ತುಂಬುತೋಳಿನ ಅಂಗಿ, ಮರದ ನೆರಳು ಹೆಚ್ಚು ನಂಬಿಕೆಗೆ ಅರ್ಹ.

ಮಲೆನಾಡಿಗೆ ಈ ವಿಷಯ ಹತ್ತಿರದ್ದು ಮುರುಗಲಿನ ಮೂಲಕ. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪವು ಲೇಪಗಳಿಗೆ ಉತ್ತಮ ಆಧಾರದ್ರವ್ಯ; ಅದೊಂದೇ ಬಿಸಿಲನ್ನು ತಡೆಯಲಾರದು. ಈ ತುಪ್ಪ ಬರುವುದು ಬೀಜದಿಂದ. ಬೀಜವೆಲ್ಲವೂ ಗಾಣಕ್ಕೆ ಹೋದರೆ ಕಾಡಿನಲ್ಲಿ ಸಸಿ ಮೊಳೆಯುವುದೆಲ್ಲಿಂದ? ಮುರುಗಲಿನಲ್ಲಿ ಗಂಡು, ಹೆಣ್ಣು ಮರಗಳು ಬೇರೆಬೇರೆ. ಫಲವಿಲ್ಲವೆಂದು ಗಂಡುಮರಗಳನ್ನೆಲ್ಲ ಕಡಿದರೆ ಹೆಣ್ಣುಮರಗಳ ಫಸಲಿಗೂ ಕುತ್ತು.

1990ರ ದಶಕದಲ್ಲಿ ತೂಕ ಇಳಿಸುವ ಗುಳಿಗೆಗಳಿಗಾಗಿ ಉಪ್ಪಾಗೆಗೆ ಬೇಡಿಕೆ ಬಂದಾಗ ಬಲಿಯದ ಕಾಯಿಗಳನ್ನೂ ಕಿತ್ತರು, ಕೊಂಬೆಗಳನ್ನೂ ಕಡಿದರು. ಮುರುಗಲಿಗೆ ಆ ಗತಿ ಬರಬಾರದು. ಹಣ್ಣು ಮಾಗಿದ ಮೇಲೆಯೇ ಕೊಯ್ಲು ಮಾಡಬೇಕು, ಪ್ರತಿ ಮರದಲ್ಲೂ ಒಂದು ಪಾಲನ್ನು ಕಾಡಿಗೂ ಪ್ರಾಣಿಪಕ್ಷಿಗಳಿಗೂ ಬಿಡಬೇಕು, ಬೆಟ್ಟ ಮತ್ತು ತೋಟದಂಚಿನಲ್ಲಿ ಸಸಿ ನೆಡಬೇಕು.

2002ರ ಜೀವವೈವಿಧ್ಯ ಕಾಯಿದೆಯು ಗ್ರಾಮಮಟ್ಟದ ನಿರ್ವಹಣಾ ಸಮಿತಿಗಳಿಗೂ ಲಾಭದ ನ್ಯಾಯಯುತ ಹಂಚಿಕೆಗೂ ಅವಕಾಶ ಕಲ್ಪಿಸಿದೆ. ಊರಿನ ಗಿಡಮರಗಳನ್ನೂ ಹಿರಿಯರ ಅರಿವನ್ನೂ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡುವ ಕೆಲಸಕ್ಕೆ ವಿದ್ಯಾರ್ಥಿಗಳು ಕೈಜೋಡಿಸಲಿ. ವ್ಯಾಪಾರಿ ಬರುವ ಮೊದಲೇ ಆ ದಾಖಲೆ ಸಿದ್ಧವಾಗಿರಲಿ.