ನಾಳೆಯನ್ನು ಬಲ್ಲವರಾರು?

(ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಶತಮಾನೋತ್ಸವದ ಸಮಯದಲ್ಲಿ ಕಳೆದ ನೂರು ವರ್ಷಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆದರೆ ಈ ಗೋಷ್ಠಿಗೆ ಗೊತ್ತುಮಾಡಿರುವ ವಿಷಯ ಮುಂದೆ ಬರಲಿರುವುದನ್ನು ಕುರಿತದ್ದು. ನಾಳೆ ನಡೆಯುವುದನ್ನು ಇಂದೇ ಅರಿಯಬಹುದೆ? ಅರಿತಿದ್ದೇವೆಂದು ಹೇಳುವವರನ್ನು ನಂಬಬಹುದೆ? ಪ್ರವಾದಿಗಳನ್ನು ಇಷ್ಟೊಂದು ಗೌರವಿಸುವ ಧರ್ಮಸಭೆ ಕಣಿ ಕೇಳುವುದನ್ನು ಏಕೆ ಬೇಡವೆನ್ನುತ್ತದೆ? ಈ ಪ್ರಶ್ನೆಗಳು ಪಂಡಿತರ ಸೊತ್ತಲ್ಲ. ಮಗಳ ಮದುವೆ ಕೂಡಿಬರದ ಮನೆಯಲ್ಲಿ, ರೋಗಿಯ ಹಾಸಿಗೆಯ ಬಳಿಯಲ್ಲಿ, ಪರದೇಶಕ್ಕೆ ಹೋದ ಮಗನ ಸುದ್ದಿ ಬಾರದ ತಾಯಿಯ ಎದೆಯಲ್ಲಿ ಇವು ದಿನವೂ ಏಳುತ್ತವೆ.

ಭಾನುವಾರ ಬಲಿಪೂಜೆಯಲ್ಲಿ ಭಾಗವಹಿಸಿ, ಸೋಮವಾರ ಶಾಸ್ತ್ರ ಹೇಳುವವರ ಜಗಲಿಯಲ್ಲಿ ಕುಳಿತುಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲವೆಂದು ನಾವು ಹೇಳಲಾರೆವು. ಅಂಥವರನ್ನು ಹಳಿಯುವುದು ಸುಲಭ. ಅವರನ್ನು ಅಲ್ಲಿಗೆ ಕರೆದೊಯ್ದ ಭಯವನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ಕೊರವಂಜಿಯ ಕಣಿ, ಬುಡುಬುಡಿಕೆಯವರ ಶಕುನ, ಗಿಳಿಶಾಸ್ತ್ರ, ಹಸ್ತರೇಖೆ ಇವೆಲ್ಲ ನಮ್ಮ ಅಜ್ಜಂದಿರ ಕಾಲದವು. ಈಗ ಟಿ.ವಿ.ಯಲ್ಲಿ ಬೆಳಗ್ಗೆ ರಾಶಿಫಲ ಬರುತ್ತದೆ, ಕೈಯಲ್ಲಿರುವ ಫೋನಿನಲ್ಲಿಯೂ ಭವಿಷ್ಯ ಬರುತ್ತದೆ. ಹೇಳುವವರ ವೇಷ ಬದಲಾಗಿದೆ. ಕೇಳುವವರ ಅಳಲು ಹಾಗೆಯೇ ಇದೆ.

1962ರ ಫೆಬ್ರವರಿ ತಿಂಗಳ ಮೊದಲ ವಾರವನ್ನು ನಮ್ಮ ಹಿರಿಯರಲ್ಲಿ ಕೆಲವರಾದರೂ ಮರೆತಿರಲಾರರು. ಮಕರರಾಶಿಯಲ್ಲಿ ಅಷ್ಟಗ್ರಹಗಳು ಕೂಡುವುದರಿಂದ ಪ್ರಳಯವೇ ಆಗುವುದೆಂಬ ಭೀತಿ ಆಗ ದೇಶವನ್ನೆಲ್ಲ ಆವರಿಸಿತ್ತು. ಅನೇಕ ಕಡೆ ಹೋಮಹವನಗಳು ನಡೆದವು. ಹೇಳಿದ ದಿನ ಬಂತು, ಹೋಯಿತು. ಸೂರ್ಯನು ಎಂದಿನಂತೆ ಮೂಡಿದನು. ಆದರೂ ಅದೇ ವರ್ಷದ ಅಕ್ಟೋಬರಿನಲ್ಲಿ ಚೀನದೊಡನೆ ಯುದ್ಧವಾದಾಗ ‘ಇದೇ ಆ ಕೂಟದ ಫಲ’ ಎಂದು ಸಮಾಧಾನಪಟ್ಟುಕೊಂಡವರು ಉಂಟು. ಗಡುವು ಮುಗಿದರೂ ಭವಿಷ್ಯವಾಣಿ ಸಾಯುವುದಿಲ್ಲ. ಅದು ತನಗೊಪ್ಪುವ ಘಟನೆಯೊಂದು ಸಿಗುವವರೆಗೆ ಕಾದು ಕುಳಿತಿರುತ್ತದೆ.

ಇದು ನೆರೆಮನೆಯ ಮಾತೆಂದು ನಾವು ನಗುವಂತಿಲ್ಲ. ನಮ್ಮ ಮನೆಯೊಳಗೇ ಇಂಥದೊಂದು ಭವಿಷ್ಯವಾಣಿ ನಾಲ್ಕು ಶತಮಾನಗಳಿಂದ ಓಡಾಡುತ್ತಿದೆ. ಐರ್ಲೆಂಡಿನ ಅರ್ಮಾ ಪೀಠದ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಮಲಾಕಿಯವರು 1148ರಲ್ಲಿ ನಿಧನರಾದರು. ತಮ್ಮ ಕಾಲದಿಂದ ಲೋಕಾಂತ್ಯದವರೆಗೆ ಬರಲಿರುವ ಜಗದ್ಗುರುಗಳನ್ನೆಲ್ಲ ಅವರು ದರ್ಶನದಲ್ಲಿ ಕಂಡು, ಒಬ್ಬೊಬ್ಬರಿಗೂ ಒಂದೊಂದು ಚಿಕ್ಕ ಲತೀನ್ ನುಡಿಯನ್ನು ಬರೆದಿಟ್ಟರೆಂದು ಪ್ರತೀತಿ. ಪಟ್ಟಿಯಲ್ಲಿ ಇರುವುದು 112 ಮಂದಿ. ಮೊದಲನೆಯವರು 1143ರಲ್ಲಿ ಆಯ್ಕೆಯಾದ ಎರಡನೆಯ ಸೆಲೆಸ್ಟಿನ್. ಕಡೆಯವರು ‘ರೋಮಿನ ಪೇತ್ರ’. ಅವರ ಕಾಲದಲ್ಲಿ ಏಳು ಗುಡ್ಡಗಳ ನಗರ ಹಾಳಾಗಿ, ಜನರಿಗೆ ಅಂತಿಮ ತೀರ್ಪು ಆಗುವುದೆಂಬಲ್ಲಿಗೆ ಪಟ್ಟಿ ಮುಗಿಯುತ್ತದೆ.

ಈ ಪಟ್ಟಿ ಮೊದಲು ಅಚ್ಚಾದದ್ದು 1595ರಲ್ಲಿ, ವೆನಿಸ್ ನಗರದಲ್ಲಿ, ಆರ್ನಾಲ್ಡ್ ವಿಯೊನ್ ಎಂಬ ಬೆನೆಡಿಕ್ಟೀನ್ ಸನ್ಯಾಸಿಯ ಗ್ರಂಥದಲ್ಲಿ. ಸಂತ ಮಲಾಕಿಯವರು ತೀರಿಕೊಂಡು ಆಗಲೇ 447 ವರ್ಷಗಳಾಗಿದ್ದವು. ಅವರ ಆಪ್ತಮಿತ್ರರಾದ ಸಂತ ಬರ್ನಾರ್ಡರು ಅವರ ಜೀವನಚರಿತ್ರೆಯನ್ನೇ ಬರೆದಿದ್ದಾರೆ. ಅದರಲ್ಲಿ ಈ ಪಟ್ಟಿಯ ಸೊಲ್ಲೇ ಇಲ್ಲ. ಇನ್ನೊಂದು ಸಂಗತಿಯನ್ನು ಗಮನಿಸಬೇಕು. 1590ರವರೆಗಿನ ನುಡಿಗಳು ಆಯಾ ಜಗದ್ಗುರುಗಳ ಹುಟ್ಟೂರು, ಮನೆತನ, ಲಾಂಛನಗಳಿಗೆ ಅಚ್ಚುಕಟ್ಟಾಗಿ ಹೊಂದುತ್ತವೆ. ಅಲ್ಲಿಂದ ಮುಂದಿನವು ಮಸುಕು ಮಸುಕಾಗಿ, ಯಾರಿಗೆ ಬೇಕಾದರೂ ಹೊಂದುವಂತಿವೆ. 1590ರ ಕೊನೆಯಲ್ಲಿ ಆಯ್ಕೆಯಾಗಬೇಕಾಗಿದ್ದವರಿಗೆ ಕೊಟ್ಟಿರುವ ನುಡಿಯ ಅರ್ಥ ‘ನಗರದ ಪ್ರಾಚೀನತೆಯಿಂದ’ ಎಂದು. ಆಗ ಉಮೇದುವಾರರಾಗಿದ್ದ ಕಾರ್ಡಿನಲ್ ಸಿಮೊಂಚೆಲ್ಲಿಯವರ ಊರು ಒರ್ವಿಯೆಟೊ. ಆ ಹೆಸರಿನ ಅರ್ಥವೇ ‘ಹಳೆಯ ನಗರ’. ಅವರ ಪರವಾಗಿ ಯಾರೋ ಈ ಪಟ್ಟಿಯನ್ನು ಹೆಣೆದಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಹಾಗಿದ್ದಲ್ಲಿ ಆ ಯತ್ನವೂ ವಿಫಲವಾಯಿತು. ಆಯ್ಕೆಯಾದವರು ಹದಿನಾಲ್ಕನೆಯ ಗ್ರೆಗರಿ.

ನಂಬುವವರ ಕಡೆಯ ಬಲವಾದ ವಾದವನ್ನೂ ಮರೆಮಾಚಬಾರದು. ಜಗದ್ಗುರು ಎರಡನೆಯ ಜಾನ್ ಪಾಲರ ಪಾಲಿಗೆ ಬಂದ ನುಡಿ ‘ಸೂರ್ಯನ ಶ್ರಮ’ವನ್ನು ಹೇಳುತ್ತದೆ, ಪ್ರಾಚೀನ ಲತೀನಿನಲ್ಲಿ ಆ ಮಾತು ಗ್ರಹಣಕ್ಕೂ ಸಲ್ಲುತ್ತದೆ. ಅವರು ಹುಟ್ಟಿದ 1920ರ ಮೇ 18ರಂದು ಸೂರ್ಯಗ್ರಹಣವಿತ್ತು. ಅವರನ್ನು ಸಮಾಧಿ ಮಾಡಿದ 2005ರ ಏಪ್ರಿಲ್ 8ರಂದೂ ಇತ್ತು. ಕೇಳಿದೊಡನೆ ಮೈ ನವಿರೇಳುವುದು ಸಹಜ. ಆದರೆ ಭೂಮಿಯ ಮೇಲೆ ಎಲ್ಲಿಯಾದರೂ ಒಂದು ಕಡೆ ವರ್ಷಕ್ಕೆ ಎರಡು ಸಲವಾದರೂ ಸೂರ್ಯಗ್ರಹಣವಾಗುತ್ತದೆ. ಗ್ರಹಣವಿಲ್ಲದಿದ್ದರೆ ಅವರ ಪ್ರವಾಸಗಳ ಶ್ರಮವನ್ನೋ, ಸೂರ್ಯನು ಮೂಡುವ ಪೂರ್ವ ದಿಕ್ಕಿನಿಂದ ಅವರು ಬಂದದ್ದನ್ನೋ ಹೇಳುತ್ತಿದ್ದರು, ಹೇಳಿಯೂ ಇದ್ದಾರೆ. ಎಷ್ಟು ಬೀಗಗಳಿಗೆ ಬೇಕಾದರೂ ಹೊಂದುವ ಕೀಲಿಯನ್ನು ಯಾವ ಮನೆಯ ಕೀಲಿಯೆಂದು ಹೇಳುವುದು?

2013ರಲ್ಲಿ ಹದಿನಾರನೆಯ ಬೆನೆಡಿಕ್ಟರು ಪೀಠತ್ಯಾಗ ಮಾಡಿದಾಗ ಪಟ್ಟಿಯಲ್ಲಿ ಉಳಿದಿದ್ದದ್ದು ಕೊನೆಯ ಹೆಸರು. ಫ್ರಾನ್ಸಿಸರು ಆಯ್ಕೆಯಾದರು. ಅವರು ಪೇತ್ರರೂ ಅಲ್ಲ, ರೋಮಿನವರೂ ಅಲ್ಲ. ಆಗ ಅಸ್ಸಿಸಿಯ ಸಂತ ಫ್ರಾನ್ಸಿಸರ ತಂದೆಯ ಹೆಸರು ಪೇತ್ರನೆಂದು ನೆನಪು ಮಾಡಿಕೊಟ್ಟು ಪಟ್ಟಿಯನ್ನು ಉಳಿಸಿಕೊಂಡವರಿದ್ದರು. 2025ರ ಏಪ್ರಿಲ್ 21ರಂದು ಫ್ರಾನ್ಸಿಸರು ದೈವಾಧೀನರಾದರು. ರೋಮ್ ನಗರ ಹಾಳಾಗಲಿಲ್ಲ. ಮೇ 8ರಂದು ಹದಿನಾಲ್ಕನೆಯ ಲಿಯೊ ಆಯ್ಕೆಯಾದರು. ಪಟ್ಟಿ ಮುಗಿಯಿತು, ಧರ್ಮಸಭೆ ಮುಂದೆ ನಡೆಯಿತು.

ಹೀಗಿದ್ದರೂ ಇಂಥ ಮಾತುಗಳು ನಮಗೆ ನಿಜವೆಂದು ಏಕೆ ತೋರುತ್ತವೆ? ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ನಡೆಸಿ, ಅವರವರ ಸ್ವಭಾವದ ವರ್ಣನೆಯನ್ನು ಪ್ರತ್ಯೇಕವಾಗಿ ಬರೆದುಕೊಡುವುದಾಗಿ ಹೇಳಿದರು. ಓದಿದವರು ಅದು ತಮಗೆ ತಕ್ಕಂತಿದೆಯೆಂದು ಐದಕ್ಕೆ ಸರಾಸರಿ ನಾಲ್ಕಕ್ಕೂ ಮಿಗಿಲಾಗಿ ಅಂಕ ಕೊಟ್ಟರು. ಆಮೇಲೆ ತಿಳಿಯಿತು, ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ. ಅದರ ವಾಕ್ಯಗಳು ಬಹುಮಟ್ಟಿಗೆ ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕವೊಂದರಿಂದ ಆಯ್ದವು! ‘ನಿಮ್ಮ ಮನಸ್ಸಿನಲ್ಲೊಂದು ಚಿಂತೆ ಇದೆ, ನೀವು ಮಾಡಿದ ಉಪಕಾರವನ್ನು ಹತ್ತಿರದವರೇ ಮರೆತಿದ್ದಾರೆ’ ಎಂದರೆ ಅಲ್ಲವೆನ್ನುವವರು ಯಾರು? ಹೇಳುವವನು ಅರ್ಧ ಹೇಳುತ್ತಾನೆ. ಉಳಿದರ್ಧವನ್ನು ನಮ್ಮ ನೋವು ತುಂಬಿಕೊಡುತ್ತದೆ. ನಿಜವಾದ ಒಂದನ್ನು ನೂರು ಸಲ ಹೇಳುತ್ತೇವೆ, ಸುಳ್ಳಾದ ನೂರನ್ನು ಒಂದು ಸಲವೂ ನೆನೆಯುವುದಿಲ್ಲ.

ಈ ಸಂಶಯ ಇಂದಿನ ವಿಜ್ಞಾನ ನಮಗೆ ಕಲಿಸಿದ್ದಲ್ಲ; ಧರ್ಮಸಭೆಯ ಪಿತೃಗಳಲ್ಲಿಯೇ ಅದು ಇತ್ತು. ಸಂತ ಅಗಸ್ಟೀನರು ಯೌವನದಲ್ಲಿ ಜ್ಯೋತಿಷ್ಯಕ್ಕೆ ಮರುಳಾಗಿದ್ದವರು. ಫಿರ್ಮಿನಸ್ ಎಂಬ ಸಿರಿವಂತ ಗೆಳೆಯನು ಅವರಿಗೆ ತನ್ನ ಜನನದ ಕಥೆಯನ್ನು ಹೇಳಿದನು. ಅವನು ಹುಟ್ಟಿದ ಗಳಿಗೆಯಲ್ಲಿಯೇ ತಂದೆಯ ಗೆಳೆಯನ ಮನೆಯ ದಾಸಿಗೂ ಮಗು ಹುಟ್ಟಿತ್ತು. ಎರಡು ಮನೆಗಳಿಂದ ಸುದ್ದಿ ತಂದ ಆಳುಗಳು ನಡುದಾರಿಯಲ್ಲಿ ಎದುರಾದರು. ಗಳಿಗೆಯ ವ್ಯತ್ಯಾಸವೂ ಇರಲಿಲ್ಲ. ಒಂದೇ ಜಾತಕದ ಇಬ್ಬರಲ್ಲಿ ಒಬ್ಬನು ಐಶ್ವರ್ಯದಲ್ಲಿ ಬೆಳೆದನು, ಇನ್ನೊಬ್ಬನು ದಾಸನಾಗಿಯೇ ಉಳಿದನು. ಆ ಮಗುವಿನ ನೊಗವನ್ನು ಮಾಡಿದವರು ಮನುಷ್ಯರೇ ಹೊರತು ನಕ್ಷತ್ರಗಳಲ್ಲವೆಂದು ನಮಗೆ ಅನಿಸುವುದಿಲ್ಲವೆ?

ಹಾಗಾದರೆ ಪ್ರವಾದಿಗಳ ಮಾತೇನು? ಇಲ್ಲಿ ಶ್ರೀಗ್ರಂಥವೇ ನಮಗೆ ದಾರಿ ತೋರುತ್ತದೆ. ಫಿಲಿಪ್ಪಿ ಪಟ್ಟಣದಲ್ಲಿ ಕಣಿ ಹೇಳುವ ದಾಸಿಯೊಬ್ಬಳು ಪೌಲರ ಹಿಂದೆ ಬಂದು, ಇವರು ಪರಾತ್ಪರ ದೇವರ ದಾಸರೆಂದು ಕೂಗುತ್ತಿದ್ದಳು. ಅವಳು ಹೇಳಿದ್ದು ನಿಜವೇ. ಆದರೂ ಪೌಲರು ಅವಳನ್ನು ಹಿಡಿದಿದ್ದ ದುರಾತ್ಮವನ್ನು ಹೊರಡಿಸಿದರು. ಅವಳ ಒಡೆಯರಿಗೆ ಸಿಟ್ಟು ಬಂದದ್ದು ಸಂಪಾದನೆ ನಿಂತುಹೋಯಿತೆಂದು. ಪೌಲರೂ ಸೀಲರೂ ಸೆರೆಮನೆಗೆ ಬಿದ್ದದ್ದು ಈ ಕಾರಣಕ್ಕೆ. ಹೇಳಿದ ಮಾತು ನಿಜವಾದ ಮಾತ್ರಕ್ಕೆ ಹೇಳಿಸುವ ವ್ಯಾಪಾರ ಪವಿತ್ರವಾಗುವುದಿಲ್ಲ.

ಯೆರೆಮೀಯನ ಕಾಲದಲ್ಲಿ ಹನನ್ಯನೆಂಬವನು ಎರಡೇ ವರ್ಷಗಳಲ್ಲಿ ಬಾಬಿಲೋನಿನ ನೊಗ ಮುರಿಯುವುದೆಂದು ಸಾರಿದನು. ಜನರಿಗೆ ಬೇಕಾಗಿದ್ದ ಮಾತು ಅದೇ. ಯೆರೆಮೀಯನು ಮೊದಲು ‘ಆಮೆನ್, ಹಾಗೆಯೇ ಆಗಲಿ’ ಎಂದನು. ಆಮೇಲೆ, ಅದು ನಡೆದಾಗಲೇ ನಿನ್ನನ್ನು ದೇವರು ಕಳುಹಿಸಿದ್ದು ತಿಳಿಯುವುದೆಂದನು. ಹನನ್ಯನ ಮಾತು ನಡೆಯಲಿಲ್ಲ. ಇಂಪಾದ ಮಾತನ್ನು ಸಂಶಯದಿಂದ ಕೇಳುವುದೂ ಭಕ್ತಿಯ ಒಂದು ಕಾರ್ಯವೆಂದು ಇಲ್ಲಿ ಕಲಿಯುತ್ತೇವೆ.

ಯೋನನ ಕಥೆ ಇನ್ನೂ ಸೋಜಿಗದ್ದು. ನಾಲ್ವತ್ತು ದಿನಗಳಲ್ಲಿ ನಿನೆವೆ ನಾಶವಾಗುವುದೆಂದು ಅವನು ಸಾರಿದನು. ಜನರು ಪಶ್ಚಾತ್ತಾಪಪಟ್ಟರು, ನಗರ ಉಳಿಯಿತು. ಕಣಿ ಹೇಳುವವರ ಲೆಕ್ಕದಲ್ಲಿ ಯೋನನು ಸೋತನು. ಅವನಿಗೇ ಹಾಗೆನಿಸಿ ಮುನಿದು ಕುಳಿತನು. ದೇವರ ಲೆಕ್ಕದಲ್ಲಿ ಅವನ ಕಾರ್ಯ ಪೂರ್ಣವಾಗಿತ್ತು. ನಮ್ಮ ವಿಷಯದ ಮರ್ಮವೆಲ್ಲ ಇಲ್ಲಿದೆ. ಕಣಿ ಹೇಳುವವನಿಗೆ ತಾನು ಹೇಳಿದ ಕೇಡು ನಡೆದರೆ ಕೀರ್ತಿ. ಪ್ರವಾದಿಗೆ ತಾನು ಹೇಳಿದ ಕೇಡು ತಪ್ಪಿದರೆ ಸಾರ್ಥಕ್ಯ. ಒಬ್ಬನು ಹಣೆಬರಹವೆಂದು ನಮ್ಮ ಕೈ ಕಟ್ಟುತ್ತಾನೆ. ಇನ್ನೊಬ್ಬನು ನೀನು ತಿರುಗಿಕೊಂಡರೆ ಎಲ್ಲವೂ ತಿರುಗೀತೆಂದು ಕಟ್ಟು ಬಿಚ್ಚುತ್ತಾನೆ.

ಫಾತಿಮಾ ಮಾತೆಯ ಮೂರನೆಯ ರಹಸ್ಯವನ್ನು ಕುರಿತು ಎಷ್ಟೆಷ್ಟೋ ಭಯಾನಕ ವದಂತಿಗಳಿದ್ದುವು. 2000ದ ಜೂನ್ 26ರಂದು ಅದು ಪ್ರಕಟವಾದಾಗ, ಆಗ ಕಾರ್ಡಿನಲ್ ಆಗಿದ್ದ ರಾಟ್ಸಿಂಗರ್ ಅವರು ಅದರ ವ್ಯಾಖ್ಯಾನದಲ್ಲಿ ಇದೇ ಮಾತನ್ನು ಸ್ಪಷ್ಟಪಡಿಸಿದರು: ಅಂಥ ದರ್ಶನ ಬದಲಿಸಲಾಗದ ಭವಿಷ್ಯದ ಚಿತ್ರವಲ್ಲ, ಮನುಷ್ಯನ ಸ್ವಾತಂತ್ರ್ಯವನ್ನು ಎಚ್ಚರಿಸಿ ಒಳಿತಿನ ಕಡೆ ತಿರುಗಿಸುವ ಕರೆ. 1992ರ ಧರ್ಮೋಪದೇಶ ಗ್ರಂಥವೂ ಭವಿಷ್ಯ ಕೇಳುವ ಎಲ್ಲ ಬಗೆಗಳನ್ನು ನಿರಾಕರಿಸುತ್ತದೆ. ಖಾಸಗಿ ದರ್ಶನಗಳು ಕ್ರಿಸ್ತರ ಪ್ರಕಟಣೆಗೆ ಏನನ್ನೂ ಕೂಡಿಸಲಾರವೆಂದು ಹೇಳುತ್ತದೆ.

ಇದನ್ನು ನಾವು ನಮ್ಮ ಪ್ರಾರ್ಥನಾಕೂಟಗಳಿಗೂ ಅನ್ವಯಿಸಿಕೊಳ್ಳಬೇಕು. ‘ನಿನ್ನ ರೋಗ ವಾಸಿಯಾಗಿದೆಯೆಂದು ಪ್ರಭು ತಿಳಿಸಿದ್ದಾರೆ, ಇನ್ನು ಔಷಧಿ ಬೇಡ’ ಎಂದು ಯಾರಾದರೂ ಹೇಳಿದರೆ ಸುಮ್ಮನೆ ಕೇಳಿಕೊಂಡು ಬರುವುದು ಭಕ್ತಿಯಲ್ಲ. ಸಕ್ಕರೆ ಕಾಯಿಲೆಯ ತಾಯಿ ಮದ್ದು ಬಿಟ್ಟರೆ ಅದರ ಫಲವನ್ನು ಉಣ್ಣುವವಳು ಅವಳು, ಹೇಳಿದವರಲ್ಲ. ವೈದ್ಯರೂ ಹವಾಮಾನ ಇಲಾಖೆಯವರೂ ಮುಂದಾಗುವುದನ್ನು ಹೇಳುತ್ತಾರೆ. ಆದರೆ ಅವರು ಕಾರಣ ತೋರಿಸುತ್ತಾರೆ, ತಪ್ಪಬಹುದೆಂದು ಒಪ್ಪುತ್ತಾರೆ, ಹೊಸ ಸಂಗತಿ ತಿಳಿದಾಗ ತಿದ್ದಿಕೊಳ್ಳುತ್ತಾರೆ. ದೇವರ ಹೆಸರಿನಲ್ಲಿ ಮಾತನಾಡುವವರಿಂದ ಇದಕ್ಕಿಂತ ಕಡಮೆ ಪ್ರಾಮಾಣಿಕತೆಯನ್ನು ನಾವೇಕೆ ಒಪ್ಪಬೇಕು?

ಥೆಸಲೋನಿಯದವರಿಗೆ ಬರೆಯುತ್ತ ಪೌಲರು ಪ್ರವಾದನೆಯನ್ನು ತಾತ್ಸಾರ ಮಾಡಬೇಡಿರೆಂದೂ ಎಲ್ಲವನ್ನೂ ಪರೀಕ್ಷಿಸಿರೆಂದೂ ಒಂದೇ ಉಸಿರಿನಲ್ಲಿ ಹೇಳಿದರು. ಆದುದರಿಂದ ನಾವು ಕೇಳಬೇಕಾದವು ಮೂರು ಪ್ರಶ್ನೆಗಳು. ಈ ಮಾತಿನಿಂದ ಹಣವೋ ಹೆಸರೋ ಯಾರಿಗೆ ಬರುತ್ತದೆ? ಇದು ನಮ್ಮನ್ನು ಹೆದರಿಸಿ ಕೂರಿಸುತ್ತದೆಯೋ, ಎಬ್ಬಿಸಿ ನೆರೆಯವರ ಸೇವೆಗೆ ಕಳುಹಿಸುತ್ತದೆಯೋ? ಇದನ್ನು ಹೇಳುವವರು ಪರೀಕ್ಷೆಗೆ ಒಪ್ಪುತ್ತಾರೆಯೋ? ಜೊತೆಗೆ ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದುಂಟು. ನೊಂದವರು ಕಣಿ ಹೇಳುವವರ ಮನೆಗೆ ಹೋಗುವುದು ಅಲ್ಲಿ ಅರ್ಧ ಗಂಟೆ ತಮ್ಮ ಮಾತನ್ನು ಕೇಳುವವರು ಸಿಗುತ್ತಾರೆಂದು. ಆ ಅರ್ಧ ಗಂಟೆಯನ್ನು ನಮ್ಮ ಧರ್ಮಕೇಂದ್ರ ಅವರಿಗೆ ಕೊಟ್ಟಿದೆಯೆ?

ಸೆರೆಹೋದ ಜನರಿಗೆ ಯೆರೆಮೀಯನು ಪತ್ರ ಬರೆದಾಗ, ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ನೆಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ಇರುವ ಊರಿನ ಹಿತಕ್ಕಾಗಿ ಪ್ರಾರ್ಥಿಸಿರಿ ಎಂದು ತಿಳಿಸಿದನು. ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ತಳಪಾಯ ಹಾಕಿದ ಹಿರಿಯರಿಗೆ ನಾಳೆಯ ಸುದ್ದಿ ತಿಳಿದಿರಲಿಲ್ಲ. ಮುಂದೆ ಬಂದ ಮಹಾಯುದ್ಧವಾಗಲಿ, ಬರಗಾಲವಾಗಲಿ, ಸ್ವಾತಂತ್ರ್ಯವಾಗಲಿ ಅವರಿಗೆ ಗೋಚರಿಸಿರಲಿಲ್ಲ. ತಾವು ಕಾಣದ ಮಕ್ಕಳು ಇಲ್ಲಿ ಮೊಣಕಾಲೂರುವರೆಂದು ನಂಬಿ ಕಲ್ಲಿನ ಮೇಲೆ ಕಲ್ಲಿಟ್ಟರು. ನಾಳೆಯನ್ನು ಬಲ್ಲವರಾರೆಂಬ ಪ್ರಶ್ನೆಗೆ ನಮ್ಮ ಉತ್ತರವೂ ಇದೇ ಆಗಲಿ: ನಾಳೆಯನ್ನು ದೇವರು ಬಲ್ಲರು, ಇಂದಿನ ಕೆಲಸವನ್ನು ನಾವು ಬಲ್ಲೆವು.