ತಲೆ ಎಣಿಸಬೇಕಾದದ್ದು ಎಲ್ಲಿ?

(ಚಿತ್ರದುರ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ರಾಷ್ಟ್ರಪತಿ ಹುದ್ದೆಯ ಜಗಳಕ್ಕೂ ಈ ಊರಿಗೂ ಹಳೆಯ ನಂಟು. ಇಲ್ಲಿ ವಕೀಲಿ ಮಾಡಿದ್ದ ಎಸ್. ನಿಜಲಿಂಗಪ್ಪನವರು 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದರು. ಆ ವರ್ಷದ ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಸೋತರು. ಇಂದಿರಾ ಗಾಂಧಿಯವರ ಬೆಂಬಲವಿದ್ದ ವಿ.ವಿ. ಗಿರಿ ಗೆದ್ದರು. ಅದೇ ವರ್ಷ ಪಕ್ಷ ಎರಡು ಹೋಳಾಯಿತು. ಬರೀ ಸಹಿ ಹಾಕುವ ಹುದ್ದೆಗೆ ಇಷ್ಟು ಹೊಡೆದಾಟವೇಕೆ ಎಂದು ನೀವು ಕೇಳಬಹುದು.

ಉತ್ತರ ಆ ಸಹಿಯಲ್ಲೇ ಇದೆ. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಂಪುಟ ಸಭೆ ಸೇರಿದ್ದು ಮರುದಿನ ಬೆಳಿಗ್ಗೆ!

ಅಮೆರಿಕದಲ್ಲಿ ಅಧ್ಯಕ್ಷನೇ ಆಡಳಿತದ ಯಜಮಾನ. ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದ ನಿಕ್ಸನ್ 1974ರಲ್ಲಿ ರಾಜೀನಾಮೆ ಕೊಡಬೇಕಾಯಿತು. ನಮ್ಮಲ್ಲಿ 356ನೇ ವಿಧಿಯ ಪ್ರಕಾರ ರಾಜ್ಯಪಾಲರು ವರದಿ ಬರೆಯುತ್ತಾರೆ, ಕೇಂದ್ರ ಸಂಪುಟ ಸಲಹೆ ಕೊಡುತ್ತದೆ, ರಾಷ್ಟ್ರಪತಿ ಸಹಿ ಹಾಕುತ್ತಾರೆ. ಮೂರು ಕೈ ದಾಟುವಷ್ಟರಲ್ಲಿ ಹೊಣೆ ಯಾರದೆಂದು ಗೊತ್ತಾಗುವುದೇ ಇಲ್ಲ.

ಇದರ ದೊಡ್ಡ ಉದಾಹರಣೆ ನಮ್ಮ ರಾಜ್ಯದ್ದೇ. 1989ರ ಏಪ್ರಿಲ್‌ನಲ್ಲಿ ಜನತಾದಳದ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಹತ್ತೊಂಬತ್ತು ಶಾಸಕರು ಬೆಂಬಲ ವಾಪಸು ಪಡೆದಿದ್ದಾರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈ ಸೇರಿದವು. ಏಪ್ರಿಲ್ 19ರಂದು ವರದಿ ದೆಹಲಿಗೆ ಹೋಯಿತು. ಮರುದಿನವೇ ಅವರಲ್ಲಿ ಏಳು ಶಾಸಕರು, ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಗಿದೆ, ತಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದುಕೊಟ್ಟರು. ವಿಧಾನಸಭೆಯಲ್ಲಿ ಬಹುಮತ ತೋರಿಸುತ್ತೇನೆ, ಬೇಕಾದರೆ ಅಧಿವೇಶನವನ್ನು ಮುಂಚೆಯೇ ಕರೆಯುತ್ತೇನೆ ಎಂದರು ಬೊಮ್ಮಾಯಿ. ರಾಜ್ಯಪಾಲರು ಒಪ್ಪಲಿಲ್ಲ, ಎರಡನೆಯ ವರದಿ ಕಳಿಸಿದರು. 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಸಹಿಯೊಂದಿಗೆ ಸರ್ಕಾರ ಹೋಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು.

ಹೈಕೋರ್ಟಿನಲ್ಲಿ ಬೊಮ್ಮಾಯಿಯವರಿಗೆ ಸೋಲು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂದದ್ದು 1994ರ ಮಾರ್ಚ್ 11ರಂದು. ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ; ರಾಷ್ಟ್ರಪತಿಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದು; ಕರ್ನಾಟಕದಲ್ಲಿ ಆದದ್ದು ಸಂವಿಧಾನಬಾಹಿರ, ಎಂದಿತು ಪೀಠ.

ಆದರೆ 1989ರ ನವೆಂಬರ್‌ನಲ್ಲೇ ಚುನಾವಣೆ ನಡೆದು ಬೇರೆ ಸರ್ಕಾರ ಬಂದಿತ್ತು. ತಪ್ಪು ತಪ್ಪೆಂದು ಸಾಬೀತಾಯಿತು, ಕಳೆದುಹೋದದ್ದು ವಾಪಸು ಬರಲಿಲ್ಲ. ತೀರ್ಪಿನ ಫಲ ಸಿಕ್ಕಿದ್ದು ಮುಂದಿನವರಿಗೆ. 2016ರಲ್ಲಿ ಉತ್ತರಾಖಂಡದ ಹರೀಶ್ ರಾವತ್ ನ್ಯಾಯಾಲಯದ ಆದೇಶದಂತೆ ಸದನದಲ್ಲಿ ಬಹುಮತ ತೋರಿಸಿ ಅಧಿಕಾರಕ್ಕೆ ಮರಳಿದರು. 2018ರಲ್ಲಿ ನಮ್ಮದೇ ವಿಧಾನಸಭೆಯಲ್ಲಿ ಬಹುಮತ ಪರೀಕ್ಷೆಗೆ ಸುಪ್ರೀಂ ಕೋರ್ಟ್ ಕೊಟ್ಟದ್ದು ಒಂದೇ ದಿನ.

ಹಾಗಾದರೆ ರಾಷ್ಟ್ರಪತಿ ಏನೂ ಮಾಡುವಂತಿಲ್ಲವೇ? ಮಾಡಬಹುದು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರ 1978ರ ತಿದ್ದುಪಡಿಯಿಂದ ಅವರಿಗಿದೆ. 1997ರಲ್ಲಿ ಉತ್ತರ ಪ್ರದೇಶದ ಕಡತವನ್ನು ಕೆ.ಆರ್. ನಾರಾಯಣನ್ ಹೀಗೆಯೇ ಹಿಂದಿರುಗಿಸಿದರು. ಕೇಂದ್ರ ಸರ್ಕಾರ ಹಿಂದೆ ಸರಿಯಿತು. 2005ರಲ್ಲಿ ಬಿಹಾರ ವಿಧಾನಸಭೆಯ ವಿಸರ್ಜನೆಗೆ ಅಬ್ದುಲ್ ಕಲಾಂ ಮಾಸ್ಕೋದಿಂದಲೇ ಸಹಿ ಹಾಕಿದರು. ಅದನ್ನೂ ಸುಪ್ರೀಂ ಕೋರ್ಟ್ ಸಂವಿಧಾನಬಾಹಿರವೆಂದಿತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಬಿಸಿಲಲ್ಲಿ ಸರತಿ ನಿಂತು ಮತ ಹಾಕುವವರು ಒಬ್ಬ ಶಾಸಕನನ್ನು ಸದನಕ್ಕೆ ಕಳಿಸುತ್ತಾರೆ. ಅವನ ಬೆಂಬಲ ಯಾರಿಗೆಂಬುದನ್ನು ಅವನು ಅಲ್ಲೇ, ಎಲ್ಲರೆದುರು ಹೇಳಬೇಕು. ಮುಂದೆ ಯಾವ ಪಕ್ಷದ ಸರ್ಕಾರಕ್ಕೆ ಇಂಥ ಗತಿ ಬಂದರೂ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ತಲೆ ಎಣಿಸಿದ್ದು ಎಲ್ಲಿ?